ಮೂಲೆಯಲ್ಲಿ ಕುಳಿತವರಿಗೂ ಒಂದು ಮಾತು

ಪವಾಯಿ ಕೆರೆ ತುಂಬಿ ಹರಿಯುವ ಮಳೆಗಾಲದಲ್ಲಿ ಮಕ್ಕಳನ್ನು ಮನೆಯೊಳಗೆ ಹಿಡಿದಿಡುವ ಕಷ್ಟ ತಾಯಂದಿರಿಗೆಲ್ಲ ಗೊತ್ತು. ಈಚೆಗೆ ನಮ್ಮ ಮನೆಯ ಮಕ್ಕಳು ಅದಕ್ಕೊಂದು ಉಪಾಯ ಕಂಡುಕೊಂಡರು. ಭಾನುವಾರ ನೆರೆಮನೆಯ ಮಕ್ಕಳೂ ಸೇರಿ ಐದು ಮಂದಿ ಊಟದ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ವೀರ, ಒಬ್ಬ ಕಳ್ಳ, ಒಬ್ಬಳು ಮಂತ್ರಗಾತಿ, ಹೀಗೆ ನಾಲ್ವರಿಗೆ ಪಾತ್ರಗಳು. ಐದನೆಯವನು ಕತೆ ನಡೆಸುವವನು. “ಎದುರಿಗೆ ಸೇತುವೆ ಮುರಿದಿದೆ, ಏನು ಮಾಡುತ್ತೀರಿ?” ಎಂದು ಅವನು ಕೇಳಬೇಕು, ಇವರು ಹೇಳಬೇಕು. ಹೇಳಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕತೆ ವಾರದಿಂದ ವಾರಕ್ಕೆ ಬೆಳೆಯುತ್ತದೆ. ಈ ಬಗೆಯ ಆಟಗಳಿಗೆ ಮೊದಲನೆಯದಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಮೆರಿಕೆಯಲ್ಲಿ ೧೯೭೪ರಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತರು.

ಎರಡು ವಾರ ಮನೆಯೆಲ್ಲ ಗದ್ದಲ. ಮೂರನೆಯ ವಾರ ಮಂತ್ರಗಾತಿಯಾದ ನಮ್ಮ ಕಿರಿಯವಳು ಮೇಜು ಬಿಟ್ಟು ಕಿಟಕಿಯ ಬಳಿ ಹೋಗಿ ಕುಳಿತಳು.

“ಯಾಕಮ್ಮ, ಆಟ ಬೇಡವೆ?”

“ಎಲ್ಲ ಅಣ್ಣನೇ ಮಾತಾಡುವುದು. ನಾನಿದ್ದರೂ ಒಂದೆ, ಇಲ್ಲದಿದ್ದರೂ ಒಂದೆ.”

ಆ ಮಾತು ನಮ್ಮನ್ನು ಚುಚ್ಚಿತು. ಮಾತಿಗೆ ಅವಕಾಶವಿಲ್ಲದ ಕಡೆ ಹಿರಿಯರೂ ಹೀಗೆಯೆ ಮೆಲ್ಲಗೆ ಎದ್ದುಹೋಗುವುದಿಲ್ಲವೆ?

ಆಗ ನಮಗೆ ನೆನಪಾದದ್ದು ತಾಳಮದ್ದಳೆ. ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮವರು ಜತೆಯಲ್ಲೆ ತಂದ ಕಲೆ ಅದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತೇ ಪಾತ್ರ ವಹಿಸಬೇಕು. ಪದ್ಯ ಪ್ರಸಂಗದ್ದು, ಮಾತು ಅರ್ಥಧಾರಿಯದು. ಎದುರಿನವನು ಏನು ಕೇಳಿಯಾನೆಂದು ಮೊದಲೇ ತಿಳಿಯದು. ಒಬ್ಬನ ಮಾತು ಲಂಬಿಸಿತೆಂದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಂಡಾರು. ಮಾತಿನ ಸರದಿ ಇನ್ನೊಬ್ಬರಿಗೆ ಹೋಗುತ್ತದೆ.

‘ವಾಲಿವಧೆ’ಯನ್ನೇ ನೋಡಿ. ಯುದ್ಧಕ್ಕೆ ಹೊರಟ ವಾಲಿಯನ್ನು ತಾರೆ ತಡೆಯುತ್ತಾಳೆ. ಅವಳ ಪಾತ್ರ ಚಿಕ್ಕದು. ಆದರೆ ವಾಲ್ಮೀಕಿಯ ಕತೆಯಲ್ಲಿ, ಸುಗ್ರೀವನಿಗೆ ರಾಮನ ಸಖ್ಯವಾಗಿದೆಯೆಂಬ ಸುದ್ದಿಯನ್ನು ಅಂಗದನಿಂದ ತಿಳಿದು ವಾಲಿಗೆ ಹೇಳುವವಳು ಅವಳೇ. ಅವನು ಉತ್ತರ ಕೊಡದೆ ಹೋಗುವಂತಿಲ್ಲ. ಇನ್ನು ವಾಲಿಯ ಹಿರಿದಾದ ಮಾತು ಬರುವುದು ಬಾಣ ತಗುಲಿ ಬಿದ್ದ ಮೇಲೆ. ಶೇಣಿ ಗೋಪಾಲಕೃಷ್ಣ ಭಟ್ಟರ (೧೯೧೮–೨೦೦೬) ವಾಲಿಯನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೋತವನಿಗೂ ಅಲ್ಲಿ ಸಭೆಯಿದೆ.

ಕತೆ ನಡೆಸುವ ಹುಡುಗನನ್ನು ಕರೆದು ಮೂರು ಮಾತು ಹೇಳಿದೆವು. “ಏನು ಮಾಡುತ್ತೀರಿ?” ಎಂದು ಎಲ್ಲರನ್ನೂ ಒಟ್ಟಿಗೆ ಕೇಳಬೇಡ, ಗಟ್ಟಿ ದನಿಯವನೇ ಉತ್ತರಿಸುತ್ತಾನೆ. ಸುಮ್ಮನಿರುವವರನ್ನು ಪಾತ್ರದ ಹೆಸರು ಹಿಡಿದು ಮೊದಲು ಕೇಳು. ದಾಳ ಕೈಕೊಟ್ಟವನನ್ನು ಕೂಡಿಸಿಬಿಡಬೇಡ. ಸೋಲಿನಿಂದಲೇ ಅವನಿಗೊಂದು ಹೊಸ ದಾರಿ ತೋರಿಸು. ಮೂರನೆಯದಾಗಿ, ತಾರೆಗೆ ತಿಳಿದಿದ್ದಂತೆ ಪ್ರತಿಯೊಬ್ಬರಿಗೂ ಅವರೊಬ್ಬರಿಗೇ ತಿಳಿದ ಒಂದು ಸಂಗತಿಯಿರಲಿ.

ಹುಡುಗ ಜಾಣ. ಮರುವಾರ ನಮ್ಮ ಕೈಯಿಂದಲೇ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆಸಿಕೊಂಡನು. ಗುಹೆಯ ಬಾಗಿಲ ಮೇಲಿನ ಬರಹ ಅದಂತೆ! ಇಂಗ್ಲಿಷ್ ಶಾಲೆಯ ಆ ಮಕ್ಕಳಲ್ಲಿ ಕನ್ನಡ ಅಕ್ಷರ ಕಲಿತವಳು ನಮ್ಮ ಕಿರಿಯವಳೊಬ್ಬಳೆ. ಅಣ್ಣ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ತಂಗಿಯ ಕಡೆಗೆ ನೀಡಿದನು.

ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರೆ ನಾಲ್ವರೂ ಉಸಿರು ಬಿಗಿಹಿಡಿದು ಕಾದರು. ಮುಂದಿನ ಭಾನುವಾರ ಅಣ್ಣನೂ ಅಕ್ಷರಮಾಲೆಯ ಪುಸ್ತಕ ಹುಡುಕುತ್ತಿದ್ದನು.