ಕಂದು ರೋಗ: ಕೊಟ್ಟಿಗೆಯಿಂದ ಮನೆಯೊಳಕ್ಕೆ ಬರುವ ಜ್ವರ

ಗಬ್ಬದ ಹಸು ದಿನ ತುಂಬುವ ಮೊದಲೇ, ಆರೇಳನೆಯ ತಿಂಗಳಿನಲ್ಲಿ ಕಂದು ಹಾಕಿತೆಂದರೆ ಒಕ್ಕಲು ಮನೆತನಕ್ಕೆ ಅದು ದೊಡ್ಡ ನೋವು. ಕರುವೂ ಇಲ್ಲ, ನೆಚ್ಚಿಕೊಂಡಿದ್ದ ಹಾಲೂ ಇಲ್ಲ. ಅಂತಹ ಹೊತ್ತಿನಲ್ಲಿ ನಾವು ಬರಿಗೈಯಲ್ಲಿಯೇ ಸತ್ತ ಕಂದನ್ನು ಎತ್ತುತ್ತೇವೆ, ಬೀಳದ ಮಾಸನ್ನು ಎಳೆಯುತ್ತೇವೆ, ಕೊಟ್ಟಿಗೆಯನ್ನು ಬಳಿಯುತ್ತೇವೆ. ದೃಷ್ಟಿ ತಾಗಿತೆಂದು ಹೇಳಿಕೊಂಡು ಸುಮ್ಮನಾಗುತ್ತೇವೆ. ಕೆಲವು ವಾರಗಳ ಬಳಿಕ ಮನೆಯ ಯಜಮಾನನಿಗೋ ಗೃಹಿಣಿಗೋ ಬಿಟ್ಟು ಬಿಟ್ಟು ಜ್ವರ ಬರತೊಡಗುತ್ತದೆ. ಈ ಎರಡಕ್ಕೂ ನಂಟಿರಬಹುದೆಂಬುದು ನಮ್ಮಲ್ಲಿ ಅನೇಕರಿಗೆ ಹೊಳೆಯುವುದೇ ಇಲ್ಲ. ಆ ನಂಟಿನ ಹೆಸರು ಕಂದು ರೋಗ. ವೈದ್ಯರು ಇದನ್ನು ಬ್ರುಸೆಲ್ಲೋಸಿಸ್ ಎನ್ನುತ್ತಾರೆ.

1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಮಡಿದ ಸೈನಿಕರಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯನು ಈ ರೋಗಾಣುವನ್ನು ಕಂಡನು. ಅದು ಎಲ್ಲಿಂದ ಬರುತ್ತದೆಂಬುದು ಹಲವು ವರ್ಷ ತಿಳಿಯಲಿಲ್ಲ. 1905ರಲ್ಲಿ ಥೆಮಿಸ್ಟೊಕ್ಲಿಸ್ ಝಮಿತ್ ಎಂಬ ವೈದ್ಯನು ಆರೋಗ್ಯವಾಗಿಯೇ ಕಾಣುತ್ತಿದ್ದ ಮೇಕೆಗಳಲ್ಲಿ ಅದರ ಸುಳಿವನ್ನು ಹಿಡಿದನು. ಸೈನಿಕರಿಗೆ ಮೇಕೆಯ ಹಸಿ ಹಾಲನ್ನು ನಿಲ್ಲಿಸಿದೊಡನೆ ರೋಗ ಇಳಿಯಿತು. ನೋಟಕ್ಕೆ ಪುಷ್ಟವಾಗಿರುವ ಪ್ರಾಣಿಯೂ ರೋಗವನ್ನು ಹೊತ್ತಿರಬಹುದೆಂಬುದೇ ಇಲ್ಲಿಯ ಪಾಠ.

ಹಸು, ಎಮ್ಮೆ, ಕುರಿ, ಮೇಕೆಗಳೆಲ್ಲಕ್ಕೂ ಈ ರೋಗ ಬರುತ್ತದೆ. ಕಂದು ಹಾಕುವುದಕ್ಕೆ ಬೇರೆ ಕಾರಣಗಳೂ ಉಂಟು. ಆದುದರಿಂದ ರಕ್ತ ಪರೀಕ್ಷೆ ಮಾಡಿಸಿಯೇ ನಿರ್ಣಯಿಸಬೇಕು. ರೋಗ ತಗುಲಿದ ಹಸು ಸಾಮಾನ್ಯವಾಗಿ ಒಮ್ಮೆ ಕಂದು ಹಾಕಿ, ಮುಂದಿನ ಸಲ ದಿನ ತುಂಬಿಯೇ ಈಯುತ್ತದೆ. ಆಗ ವಾಸಿಯಾಯಿತೆಂದು ನಾವು ನಂಬುತ್ತೇವೆ. ಆದರೆ ಪ್ರತಿ ಹೆರಿಗೆಯಲ್ಲಿಯೂ, ಹಾಲಿನಲ್ಲಿಯೂ ಅದು ರೋಗಾಣುವನ್ನು ಹೊರಹಾಕುತ್ತಲೇ ಇರಬಹುದು.

ಮನುಷ್ಯರಿಗೆ ಇದು ಗಾಯವಿರುವ ಕೈಗಳ ಮೂಲಕ, ಕಣ್ಣಿಗೆ ಸಿಡಿದ ದ್ರವದ ಮೂಲಕ, ಉಸಿರಿನ ಮೂಲಕ, ಹಸಿ ಹಾಲಿನ ಮೂಲಕ ಬರುತ್ತದೆ. ಏರಿಳಿಯುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳ ನೋವು, ತೀರದ ಆಯಾಸ ಇದರ ಲಕ್ಷಣಗಳು. ಗಂಡಸರಲ್ಲಿ ವೃಷಣ ಊದಿಕೊಳ್ಳಬಹುದು; ಗರ್ಭಿಣಿಯರಲ್ಲಿ ಗರ್ಭಪಾತವಾಗಬಹುದು. ವಿಷಮಶೀತ ಜ್ವರವೆಂದೋ ಮಲೇರಿಯಾವೆಂದೋ ಭಾವಿಸಿ ತಿಂಗಳುಗಟ್ಟಲೆ ಅಲೆದವರುಂಟು. ಆದುದರಿಂದ ವೈದ್ಯರ ಬಳಿ ಹೋದಾಗ, "ನಮ್ಮ ಮನೆಯಲ್ಲಿ ದನಗಳಿವೆ, ಒಂದು ಕಂದು ಹಾಕಿದೆ" ಎಂಬ ಮಾತನ್ನು ತಪ್ಪದೆ ಹೇಳಬೇಕು. ಈ ಒಂದು ಮಾತು ರೋಗದ ದಾರಿಯನ್ನು ತೋರಿಸುತ್ತದೆ. ಚಿಕಿತ್ಸೆ ಇದೆ, ಆದರೆ ಎರಡು ಬಗೆಯ ಔಷಧಗಳನ್ನು ಸಾಮಾನ್ಯವಾಗಿ ಆರು ವಾರ ಬಿಡದೆ ಸೇವಿಸಬೇಕು. ಜ್ವರ ಇಳಿಯಿತೆಂದು ನಡುವೆಯೇ ಬಿಟ್ಟರೆ ರೋಗ ಮರುಕಳಿಸುತ್ತದೆ.

ಹಾಲು ಹೆಚ್ಚಲೆಂದು ಮಾಸನ್ನು ಗಂಟು ಕಟ್ಟಿ ಆಲದ ಮರಕ್ಕೆ ತೂಗುಹಾಕುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಹಿರಿಯರ ಆಶಯ ಒಳ್ಳೆಯದೇ. ಆದರೆ ರೋಗಗ್ರಸ್ತ ಹಸುವಿನ ಮಾಸಿನಲ್ಲಿ ರೋಗಾಣುಗಳು ಅಪಾರವಾಗಿರುತ್ತವೆ. ಕೆಳಗೆ ಬಿದ್ದದ್ದನ್ನು ನಾಯಿಗಳು ಊರೆಲ್ಲ ಎಳೆದಾಡುತ್ತವೆ. ಕಂದನ್ನೂ ಮಾಸನ್ನೂ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದೇ ಯೋಗ್ಯ. ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ಮುಟ್ಟಬಾರದು. ಗರ್ಭಿಣಿಯರು ಆ ಕೆಲಸದಿಂದ ದೂರವಿರಬೇಕು. ಬೆಚ್ಚಗಿನ ನೊರೆಹಾಲು ಬಲವರ್ಧಕವೆಂಬ ನಂಬಿಕೆಯನ್ನು ಬಿಟ್ಟು, ಹಾಲನ್ನು ಉಕ್ಕಿಬರುವಂತೆ ಕಾಯಿಸಿಯೇ ಕುಡಿಯಬೇಕು. ಹೆಪ್ಪು ಹಾಕುವುದೂ ಕಾಯಿಸಿದ ಹಾಲಿಗೇ.

ದನಗಳಲ್ಲಿ ಈ ರೋಗಕ್ಕೆ ಔಷಧಕ್ಕಿಂತ ಲಸಿಕೆಯೇ ಆಸರೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ ಜೀವಮಾನದಲ್ಲಿ ಒಮ್ಮೆ ಹಾಕಿಸಿದರೆ ಸಾಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದೊಡನೆ ಇದನ್ನೂ ಸೇರಿಸಲಾಗಿದೆ. ಗಂಡುಗರುವಿಗೂ ಗಬ್ಬದ ಹಸುವಿಗೂ ಈ ಲಸಿಕೆ ಸಲ್ಲದು.

ಕೊನೆಯದಾಗಿ ಒಂದು ಮಾತು. ಕಂದು ಹಾಕಿದ ಹಸುವನ್ನು ಸಂಗತಿ ಮುಚ್ಚಿಟ್ಟು ಸಂತೆಗೆ ಹೊಡೆಯುವುದು ಸುಲಭ. ಆದರೆ ಹಾಗೆ ಮಾಡಿದಾಗ ನಾವು ಮಾರುವುದು ಹಸುವನ್ನಷ್ಟೇ ಅಲ್ಲ, ಕೊಂಡವನ ಮನೆಗೆ ಜ್ವರವನ್ನೂ ಕಳುಹಿಸುತ್ತೇವೆ. ಅದನ್ನು ಬೇರೆ ಕಟ್ಟಿ, ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ನಡೆಯುವುದೇ ಸತ್ಯಶುದ್ಧ ಕಾಯಕ. ದನಗಳ ಸೇವೆಯನ್ನು ಪ್ರೀತಿಯಿಂದ ಮಾಡುವ ಕೈಗಳು ಅರಿವಿನಿಂದಲೂ ಮಾಡಲಿ. ಆಗ ಕೊಟ್ಟಿಗೆಯೂ ಮನೆಯೂ ಕ್ಷೇಮವಾಗಿರುತ್ತವೆ.