ಗ್ಯಾಜೆಟ್ ಅಂಕಣ ಗೋಕಾಕಕ್ಕೆ ಬಂದದ್ದು ಎಷ್ಟು ದೂರ?

ಕನ್ನಡ ಪತ್ರಿಕೆಗಳಲ್ಲಿ ತಂತ್ರಜ್ಞಾನದ ಅಂಕಣ ಬೆಳೆಸಿದವರಲ್ಲಿ ಹಲವರು ಸುದ್ದಿಮನೆಯವರಲ್ಲ, ಪ್ರಯೋಗಾಲಯದಿಂದ ಬಂದವರು. ಯು.ಬಿ. ಪವನಜ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. 1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಆರಂಭಿಸಿದ ಅವರು ಮುಂದೆ ಕನ್ನಡಪ್ರಭಕ್ಕೆ ‘ಗಣಕಿಂಡಿ’, ಪ್ರಜಾವಾಣಿಗೆ ‘ಗ್ಯಾಜೆಟ್ ಲೋಕ’ ಬರೆದರು. ‘ನೆಟ್ ನೋಟ’ ಅಂಕಣದ ಹಾಲ್ದೊಡ್ಡೇರಿ ಸುಧೀಂದ್ರ ಅವರದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದಲ್ಲಿ ನೌಕರಿಯಾಗಿತ್ತು, ಪತ್ರಕರ್ತರಾಗಿದ್ದವರು ಅವರ ತಂದೆ. ಪ್ರಜಾವಾಣಿಯೊಳಗೇ ಇದ್ದು ವಿಜ್ಞಾನ ಬರೆದ ನಾಗೇಶ ಹೆಗಡೆ ಅಪವಾದ.

ಆಗ ಬರೆಯಲು ವಿಷಯಕ್ಕೆ ಬರವಿರಲಿಲ್ಲ. ಕನ್ನಡ ಅಕ್ಷರಗಳು ಪರದೆಯ ಮೇಲೆ ಚೌಕ ಚೌಕವಾಗಿ ಕಾಣುತ್ತಿದ್ದ ಕಾಲ. 1998ರಲ್ಲಿ ಕನ್ನಡ ಟೈಪಿಸುವ ತಂತ್ರಾಂಶ ‘ಬರಹ’ ಬಂತು, ಆಮೇಲೆ ‘ನುಡಿ’. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಸೇರಿತು. ಕಂಪ್ಯೂಟರ್ ಕೊಂಡ ಕನ್ನಡಿಗನಿಗೆ ಅಂಕಣಕಾರನೇ ಮೇಷ್ಟ್ರು, ಅವನೇ ಮೆಕ್ಯಾನಿಕ್.

ಸ್ಮಾರ್ಟ್‌ಫೋನ್ ಬಂದ ಮೇಲೆ ಗಾಳಿ ತಿರುಗಿತು. ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಹೊತ್ತು, ಕೊಟ್ಟ ದುಡ್ಡಿಗೆ ಮೋಸವಿಲ್ಲವೇ? ಉಪಯುಕ್ತ ಪ್ರಶ್ನೆಗಳೇ, ಆದರೆ ತಂತ್ರಜ್ಞಾನವೆಂದರೆ ಅಂಗಡಿಯಲ್ಲಿ ಸಿಗುವ ಸಾಮಾನು ಎಂಬಂತಾಯಿತು. ಇದು ಈ ಅಂಕಣಗಳ ದೊಡ್ಡ ಕೊರತೆ.

ಅಂಗಡಿಯ ಆಚೆಗಿನ ತಂತ್ರಜ್ಞಾನ ಹೇಗೆ ಕಣ್ತಪ್ಪುತ್ತದೆ ಎನ್ನಲು ಬೆಳಗಾವಿ ಜಿಲ್ಲೆಯ ಹುಕ್ಕೇರಿಯನ್ನೇ ನೋಡಿ. ಗ್ರಾಮೀಣ ವಿದ್ಯುದೀಕರಣ ನಿಗಮವು ದೇಶದ 5 ಕಡೆ ಪ್ರಯೋಗಕ್ಕಿಳಿಸಿದ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು 1969ರಲ್ಲಿ ಇಲ್ಲಿ ಹುಟ್ಟಿತು. ಸುತ್ತಲಿನ ತಾಲ್ಲೂಕುಗಳಿಗೆ ಸರ್ಕಾರಿ ಕಂಪನಿ ಹೆಸ್ಕಾಂ ಕರೆಂಟು ಕೊಟ್ಟರೆ, ಇಲ್ಲಿ ಕೊಡುವುದು ಸದಸ್ಯರದೇ ಸಂಘ. ಅದರ ಚುನಾವಣೆ ಮುಖಪುಟಕ್ಕೆ ಬರುತ್ತದೆ. ಲೈನು, ಮೀಟರು, ಸೋರಿಕೆಯ ಕಥೆ ಒಳಪುಟಕ್ಕೂ ಬರುವುದು ಅಪರೂಪ.

ಪಕ್ಕದ ಗೋಕಾಕದ್ದೂ ಇಂಥದೇ ಕಥೆ. ಅಲ್ಲಿನ ಜಲಪಾತದಲ್ಲಿ 1887ರಲ್ಲೇ ವಿದ್ಯುತ್ ಹುಟ್ಟಿತೆಂದು ಪ್ರವಾಸಿ ಬರಹಗಳು ಹೆಮ್ಮೆಯಿಂದ ಹೇಳುತ್ತವೆ. ಡಾರ್ಜಿಲಿಂಗ್‌ನ ಸಿದ್ರಾಪೊಂಗ್ ಜಲವಿದ್ಯುತ್ ಕೇಂದ್ರ 1897ರದು, ನಮ್ಮ ಶಿವನಸಮುದ್ರ 1902ರದು. ಹಾಗಾದರೆ ಗೋಕಾಕವೇ ಮೊದಲೇ? ನೀರಿನ ರಭಸದಿಂದ ಟರ್ಬೈನು ತಿರುಗಿಸಿ ಗಿರಣಿ ಓಡಿಸುವುದು ಬೇರೆ, ಅದಕ್ಕೆ ಡೈನಮೊ ಜೋಡಿಸಿ ದೀಪ ಹಚ್ಚುವುದು ಬೇರೆ. ಈ ವ್ಯತ್ಯಾಸವನ್ನು ಹಳೆಯ ಕಡತ ಹಿಡಿದು ಬಿಡಿಸಿ ಹೇಳುವವನೇ ತಂತ್ರಜ್ಞಾನ ಪತ್ರಕರ್ತ.

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳನ್ನು ಹೆಣೆಯುವುದು ಘಟಪ್ರಭೆ ನದಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಬಿಟ್ಟ ನೀರು ಗೋಕಾಕ ದಾಟಿ, 2018ರ ಆಸುಪಾಸಿನಲ್ಲಿ ಹೊಸ ತಾಲ್ಲೂಕಾದ ಮೂಡಲಗಿಯ ನದಿದಂಡೆಯ ಊರುಗಳ ಕಡೆ ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಉಕ್ಕಿ ಗೋಕಾಕ ಪೇಟೆಯೊಳಗೇ ನೀರು ನುಗ್ಗಿತು. ಗೇಟು ಎತ್ತಿದ ಎಷ್ಟು ತಾಸಿಗೆ ಗೋಕಾಕದ ಬಳಿಯ ಲೋಳಸೂರ ಸೇತುವೆ ಮುಳುಗುತ್ತದೆ, ಆ ಲೆಕ್ಕ ಯಾರ ಕಂಪ್ಯೂಟರಿನಲ್ಲಿದೆ, ಅದು ದಂಡೆಯ ರೈತನ ಮೊಬೈಲಿಗೆ ಯಾವಾಗ ಬರುತ್ತದೆ? ಮುಂದಿನ ಮಳೆಗಾಲಕ್ಕೆ ಮುಂಚೆ ಸಂಪಾದಕರು ಒಂದು ವಾರದ ಫೋನ್ ವಿಮರ್ಶೆ ಬದಿಗಿಟ್ಟು, ಈ ಪ್ರಶ್ನೆಗಳೊಂದಿಗೆ ಒಬ್ಬ ವರದಿಗಾರನನ್ನು ಹಿಡಕಲ್‌ಗೆ ಕಳಿಸಲಿ.