ಗೃಧ್ರಸಿ: ನೋವು ಕಾಲಿನಲ್ಲಿ, ಮೂಲ ಬೆನ್ನಿನಲ್ಲಿ

ಸಾಗರದ ಸೀಮೆಯಲ್ಲಿ ಅಡಕೆಯ ಸುಗ್ಗಿಯೆಂದರೆ ಮನೆಯ ಒಬ್ಬೊಬ್ಬರಿಗೂ ನಾಲ್ಕು ಕೈಗಳಿದ್ದರೂ ಸಾಲದ ಕಾಲ. ಅಂತಹ ಒಂದು ಸುಗ್ಗಿಯಲ್ಲಿ ನನ್ನ ಸೋದರಮಾವನವರು ಅಂಗಳದಲ್ಲಿದ್ದ ಅಡಕೆಯ ಮೂಟೆಯನ್ನು ಜಗಲಿಗೆ ಎತ್ತಿಡಲೆಂದು ಬಗ್ಗಿದರು. ಬಗ್ಗಿದವರು ನೆಟ್ಟಗಾಗಲಿಲ್ಲ. ಸೊಂಟದಲ್ಲಿ ಚಳುಕು ಹಿಡಿದು, ಕಂಬವನ್ನು ತಬ್ಬಿಕೊಂಡು ನಿಂತುಬಿಟ್ಟರು.

ಮೂರನೆಯ ದಿನ ಸೊಂಟದ ನೋವೇನೋ ತಗ್ಗಿತು; ಆದರೆ ಅದು ಎಡಗಾಲಿಗೆ ಇಳಿಯಿತು. ಪೃಷ್ಠದಿಂದ ಹೊರಟು, ತೊಡೆಯ ಹಿಂಬದಿಯಲ್ಲಿ ಹಾದು, ಮೀನಖಂಡವನ್ನು ಹಿಂಡಿ, ಪಾದದ ಕಿರುಬೆರಳಿನವರೆಗೆ ಕಾದ ತಂತಿಯನ್ನೆಳೆದಂತೆ ಹರಿಯುತ್ತಿತ್ತು. ಕೂತರೆ ಹೆಚ್ಚು, ಕೆಮ್ಮಿದರೆ ಇನ್ನೂ ಹೆಚ್ಚು, ಸೀನು ಬಂದರಂತೂ ದೇವರೇ ಗತಿ.

ನೋವು ಬಂದವರ ಮನೆಗೆ ಸಲಹೆಗಾರರು ತಾವಾಗಿಯೇ ಬರುವರು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ವಾಸಿಯಾಗುವುದೆಂದು ಒಬ್ಬರು ಹೇಳಿದರು. ಬರೆ ಹಾಕಿಸಬೇಕೆಂದು ಮತ್ತೊಬ್ಬರು. ಮೂರು ತಿಂಗಳು ಹಲಗೆಯ ಮೇಲೆ ಅಲ್ಲಾಡದೆ ಮಲಗಬೇಕೆಂದು ಮಗದೊಬ್ಬರು. ಮಾವನವರು ಮೊದಲೆರಡನ್ನು ಒಲ್ಲದೆ ಮೂರನೆಯದನ್ನು ಹಿಡಿದರು. ಮೂರು ವಾರ ಮಲಗಿದ ಬಳಿಕ ಒಂದು ರಾತ್ರಿ ಅತ್ತೆಯೊಡನೆ, "ಇನ್ನು ನನ್ನಿಂದ ತೋಟಕ್ಕೆ ಇಳಿಯುವುದಾಗದು. ಮುಂದಿನ ವರ್ಷದ ಫಸಲನ್ನು ಚೇಣಿಗೆ ಕೊಟ್ಟುಬಿಡೋಣ" ಎಂದರು. ಅತ್ತೆ ಏನೂ ಹೇಳಲಿಲ್ಲ. ಬೆಳಗಾದೊಡನೆ ಕಾರನ್ನು ಗೊತ್ತುಮಾಡಿ ಅವರನ್ನು ಶಿವಮೊಗ್ಗಕ್ಕೆ ಕರೆದೊಯ್ದರು.

ಹೆಸರಿನಲ್ಲಿರುವ ಹದ್ದು

ಇಂಗ್ಲಿಷಿನಲ್ಲಿ ಸಯಾಟಿಕಾ ಎನ್ನಿಸಿಕೊಳ್ಳುವ ಈ ವ್ಯಾಧಿಯನ್ನು ನಮ್ಮ ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಎಂದು ಹೆಸರು. ಗೃಧ್ರವೆಂದರೆ ರಣಹದ್ದು. ಆಕಾಶದಲ್ಲಿ ಅಷ್ಟು ಸಲೀಸಾಗಿ ತೇಲುವ ಹದ್ದು ನೆಲಕ್ಕಿಳಿದಾಗ ವಾಲುತ್ತ, ಕುಪ್ಪಳಿಸುತ್ತ ನಡೆಯುವುದನ್ನು ನೋಡಿದವರಿಗೆ ಈ ರೋಗಿಯ ನಡೆಗೆ ಆ ಹೆಸರು ಏಕೆ ಬಂದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೋವು ಪೃಷ್ಠದಿಂದ ತೊಡಗಿ ಸೊಂಟ, ತೊಡೆ, ಮೊಣಕಾಲು, ಮೀನಖಂಡಗಳ ದಾರಿಯಲ್ಲಿ ಪಾದವನ್ನು ಮುಟ್ಟುವುದೆಂದು ಚರಕಸಂಹಿತೆಯು ವಾತವ್ಯಾಧಿಗಳ ಪ್ರಕರಣದಲ್ಲಿ ಕ್ರಮವಾಗಿ ವರ್ಣಿಸುತ್ತದೆ. ಕಾಲನ್ನು ಎತ್ತಲು ತಡೆಯುಂಟಾಗುವುದೇ ಇದರ ಗುರುತೆಂದು ಸುಶ್ರುತಸಂಹಿತೆ ಹೇಳುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಯುರೋಪಿನಲ್ಲಿ ಬಹುಕಾಲ ಇದನ್ನು ಸೊಂಟದ ಕೀಲಿನ ರೋಗವೆಂದೇ ಬಗೆದಿದ್ದರು. ಗ್ರೀಕರ ಭಾಷೆಯಲ್ಲಿ ಸೊಂಟದ ಎಲುಬಿಗಿದ್ದ ಹೆಸರಿನಿಂದಲೇ ಸಯಾಟಿಕಾ ಎಂಬ ಪದ ಹುಟ್ಟಿದೆ. ಕೀಲುನೋವು ಬೇರೆ, ನರದ ನೋವು ಬೇರೆ ಎಂದು ವಿಂಗಡಿಸಿ 1764ರಲ್ಲಿ ಗ್ರಂಥ ಬರೆದವನು ನೇಪಲ್ಸ್ ನಗರದ ವೈದ್ಯ ಡೊಮೆನಿಕೊ ಕೊಟುನ್ಯೊ. ಅನಂತರ 1880ರಲ್ಲಿ ಸರ್ಬಿಯಾ ದೇಶದ ಲಾಜಾ ಲಾಜರೆವಿಚ್ ಎಂಬಾತನು, ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸದಂತೆ ಕಾಲನ್ನು ಮೇಲೆತ್ತಿದರೆ ನೋವು ಸೆಳೆಯುವುದೆಂದೂ, ಎಳೆತಕ್ಕೆ ಸಿಕ್ಕಿದ ನರವೇ ಅದಕ್ಕೆ ಕಾರಣವೆಂದೂ ವಿವರಿಸಿದನು. ಈತನು ವೈದ್ಯನಷ್ಟೇ ಅಲ್ಲ, ತನ್ನ ನಾಡಿನ ಹೆಸರಾಂತ ಸಣ್ಣಕಥೆಗಾರನೂ ಆಗಿದ್ದನು. ಮರುವರ್ಷ ಪ್ಯಾರಿಸ್ಸಿನಲ್ಲಿ ಲಾಸೆಗ್ ಎಂಬ ವೈದ್ಯನ ಶಿಷ್ಯನು ಇದೇ ಪರೀಕ್ಷೆಯನ್ನು ಪ್ರಕಟಿಸಿದ್ದರಿಂದ ಅದು ಲಾಸೆಗನ ಹೆಸರಿನಲ್ಲಿಯೇ ಜಗತ್ತಿಗೆ ಪರಿಚಿತವಾಯಿತು. ಕಾಲೆತ್ತಲಾರದಿರುವುದನ್ನೇ ರೋಗದ ಕುರುಹೆಂದು ನಮ್ಮ ಸುಶ್ರುತನು ಎಷ್ಟೋ ಶತಮಾನಗಳ ಹಿಂದೆ ಗುರುತಿಸಿದ್ದುದನ್ನು ನೆನೆದರೆ ಯಾರಿಗಾದರೂ ಬೆರಗಾಗದೆ ಇರದು.

ಶಿವಮೊಗ್ಗದ ವೈದ್ಯರು ಮಾವನವರಿಗೆ ಮಾಡಿದ್ದೂ ಈ ಪರೀಕ್ಷೆಯನ್ನೇ. ಎಡಗಾಲು ಮಂಚದಿಂದ ಒಂದು ಮೊಳ ಮೇಲೇರುವಷ್ಟರಲ್ಲಿ ಅವರು ಹಲ್ಲು ಕಚ್ಚಿದರು. ಸಣ್ಣ ಸುತ್ತಿಗೆಯಿಂದ ಹಿಮ್ಮಡಿಯ ಹಿಂದೆ ತಟ್ಟಿದಾಗ ಬಲಪಾದ ಜಿಗಿಯಿತು; ಎಡಪಾದ ಸುಮ್ಮನಿತ್ತು. "ನೋವಿರುವುದು ಕಾಲಿನಲ್ಲಿ, ರೋಗವಿರುವುದು ಬೆನ್ನಿನಲ್ಲಿ" ಎಂದರು ವೈದ್ಯರು.

ಒಡೆದ ಕಡಬು

ನಮ್ಮ ಶರೀರದ ನರಗಳಲ್ಲೆಲ್ಲ ಅತ್ಯಂತ ದಪ್ಪನಾದುದು ಈ ನರ. ಸೊಂಟದ ಕೊನೆಯ ಎರಡು ಮತ್ತು ತ್ರಿಕಾಸ್ಥಿಯ ಮೊದಲ ಮೂರು, ಹೀಗೆ 5 ನರಮೂಲಗಳು ಕೂಡಿ ಇದಾಗಿದೆ. ತೊಡೆಯ ಹಿಂಭಾಗದಲ್ಲಿ ಇಳಿದು, ಮೊಣಕಾಲಿನ ಬಳಿ ಕವಲೊಡೆದು ಪಾದದವರೆಗೆ ಹೋಗುತ್ತದೆ.

ಬೆನ್ನೆಲುಬಿನ ಮಣಿಗಳ ನಡುವೆ 23 ಮೆತ್ತೆಗಳಿವೆ. ವೈದ್ಯರು ಇವನ್ನು ಡಿಸ್ಕ್ ಎನ್ನುವರು. ಹೂರಣದ ಕಡಬನ್ನು ಕಣ್ಣಮುಂದೆ ತಂದುಕೊಂಡರೆ ಇವುಗಳ ರಚನೆ ಸುಲಭವಾಗಿ ತಿಳಿಯುತ್ತದೆ. ಹೊರಗೆ ಗಟ್ಟಿಯಾದ ನಾರಿನ ಕವಚ. ಒಳಗೆ ಮೃದುವಾದ ಹೂರಣ. ವಯಸ್ಸಿನಿಂದಲೂ ದುಡಿಮೆಯಿಂದಲೂ ಕವಚದಲ್ಲಿ ಸಣ್ಣ ಬಿರುಕುಗಳಾಗಿರುತ್ತವೆ. ಒಂದು ದಿನ ಬಗ್ಗಿ ಭಾರವೆತ್ತಿದಾಗಲೋ, ಕೆಲವೊಮ್ಮೆ ಬರಿದೆ ಸೀನಿದಾಗಲೋ ಹೂರಣವು ಹೊರಚಾಚಿ ಪಕ್ಕದ ನರಮೂಲವನ್ನು ಒತ್ತುತ್ತದೆ. ಒತ್ತುವುದಷ್ಟೇ ಅಲ್ಲ, ಅದರಲ್ಲಿರುವ ರಾಸಾಯನಿಕಗಳು ನರವನ್ನು ಉರಿಯೂತಕ್ಕೆ ಗುರಿಮಾಡುತ್ತವೆ. ಸೊಂಟದ ಕೆಳತುದಿಯ ಎರಡು ಮೆತ್ತೆಗಳಲ್ಲಿಯೇ ಈ ಅವಾಂತರ ಹೆಚ್ಚು. ಕಾಲಿನ ನೋವಿಗೆ ಬೆನ್ನಿನ ಈ ಮೆತ್ತೆಯೇ ಮೂಲವೆಂಬುದನ್ನು 1934ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು ಸ್ಪಷ್ಟವಾಗಿ ನಿರೂಪಿಸಿದರು. ವೃದ್ಧರಲ್ಲಿ ಎಲುಬು ಬೆಳೆದು ನರದ ದಾರಿ ಕಿರಿದಾಗುವುದರಿಂದಲೂ ಇಂತಹ ನೋವು ಬರುವುದುಂಟು. ಅಂಥವರಿಗೆ ನಡೆದರೆ ನೋವು. ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಾಯೆನಿಸುತ್ತದೆ.

ಹಾಗಾದರೆ ಹೊರಬಿದ್ದ ಹೂರಣದ ಗತಿಯೇನು? ಇಲ್ಲಿಯೇ ಪ್ರಕೃತಿಯ ಕೃಪೆ ಕಾಣುವುದು. ನಮ್ಮ ರಕ್ತದ ರಕ್ಷಕ ಕಣಗಳು ಅದನ್ನು ಅನ್ಯವಸ್ತುವೆಂದು ಬಗೆದು, ತಿಂಗಳುಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ತಿಂದು ಕರಗಿಸುತ್ತವೆ. ಕವಚವನ್ನು ದಾಟಿ ಪೂರ್ಣವಾಗಿ ಹೊರಬಂದ ದೊಡ್ಡ ತುಣುಕೇ ಅನೇಕ ವೇಳೆ ಹೆಚ್ಚು ಚೆನ್ನಾಗಿ ಕರಗುವುದು. ಆದುದರಿಂದಲೇ ಬಹುಪಾಲು ರೋಗಿಗಳು ಆರರಿಂದ ಹನ್ನೆರಡು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ಚೇತರಿಸಿಕೊಳ್ಳುವರು.

ಮಾವನವರು ಕೂಡಲೇ ಎಂ.ಆರ್.ಐ. ಚಿತ್ರ ತೆಗೆಸಬೇಕೆಂದು ಹಟ ಹಿಡಿದರು. ಅಪಾಯದ ಲಕ್ಷಣಗಳಿಲ್ಲದಿರುವಾಗ ಅದಕ್ಕೆ ಅವಸರವಿಲ್ಲವೆಂದು ವೈದ್ಯರು ತಡೆದರು. ಅದಕ್ಕೆ ಕಾರಣವೂ ಇದೆ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಚಿತ್ರ ತೆಗೆದು ನೋಡಿದಾಗ ಶೇಕಡ 52 ಮಂದಿಯಲ್ಲಿ ಒಂದಾದರೂ ಮೆತ್ತೆ ಉಬ್ಬಿದ್ದುದು ಕಂಡುಬಂದಿತು. ರೋಗಿಯನ್ನು ಪರೀಕ್ಷಿಸದೆ ಚಿತ್ರವನ್ನೊಂದೇ ನಂಬಿದರೆ ಇಲ್ಲದ ಭಯ ಮನೆಮಾಡುವುದು.

ಮಂಚ ಬಿಡಬೇಕು

ಮಾವನವರಿಗೆ ವೈದ್ಯರು ಕೊಟ್ಟ ಮೊದಲ ಆಜ್ಞೆ ಕೇಳಿ ಅತ್ತೆ ಕಣ್ಣರಳಿಸಿದರು: "ಇಂದಿನಿಂದಲೇ ನಡೆಯಿರಿ!" ಮೂರು ವಾರಗಳ ಮಲಗುವಿಕೆಯಿಂದ ನೋವು ಹೋಗಿರಲಿಲ್ಲ, ಮೀನಖಂಡ ಮಾತ್ರ ಸೊರಗಿತ್ತು. 1999ರಲ್ಲಿ ಹಾಲೆಂಡಿನ ವೈದ್ಯರು 183 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ವಾರ ಹಾಸಿಗೆಯ ವಿಶ್ರಾಂತಿ, ಇನ್ನೊಂದಕ್ಕೆ ಎಂದಿನ ಬಾಳು ಎಂದು ಗೊತ್ತುಪಡಿಸಿದ್ದರು. ಹನ್ನೆರಡು ವಾರಗಳ ಬಳಿಕ ಎರಡರಲ್ಲಿಯೂ ಗುಣ ಕಂಡವರು ಶೇಕಡ 87. ಮಲಗಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ನೋವು ತೀರ ವಿಪರೀತವಿದ್ದಾಗ ಒಂದೆರಡು ದಿನ ಒರಗುವುದು ತಪ್ಪಲ್ಲ. ಅದನ್ನೇ ವ್ರತವಾಗಿ ಹಿಡಿಯಬಾರದು.

ಅಂಗಳದಲ್ಲಿ ಐದು ನಿಮಿಷದ ನಡಿಗೆಯಿಂದ ಆರಂಭಿಸಿ, ದಿನದಿನಕ್ಕೆ ಹೆಚ್ಚಿಸುತ್ತ ಹೋಗಬೇಕು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂರಬಾರದು. ಬಲ್ಲವರಿಂದ ಕಲಿತು ಸೊಂಟಕ್ಕೂ ಹೊಟ್ಟೆಗೂ ಬಲ ಕೊಡುವ ವ್ಯಾಯಾಮಗಳನ್ನು ಮಾಡಬೇಕು. ಲಕ್ಕಿಸೊಪ್ಪು ಹಾಕಿ ಕಾಯಿಸಿದ ನೀರಿನ ಕಾವಾಗಲಿ, ಬೆಚ್ಚನೆಯ ಎಣ್ಣೆಯ ಹಿತವಾದ ನೀವುವಿಕೆಯಾಗಲಿ ಬಿಗಿದ ಸ್ನಾಯುಗಳಿಗೆ ಸುಖ ಕೊಡುವುದರಲ್ಲಿ ಸಂದೇಹವಿಲ್ಲ. ಆದರೆ ಕಾಲು ಜೋಮು ಹಿಡಿದಿದ್ದವರು, ಅದರಲ್ಲಿಯೂ ಮಧುಮೇಹವುಳ್ಳವರು, ಕಾವು ಕೊಡುವಾಗ ಎಚ್ಚರವಾಗಿರಬೇಕು, ಸುಟ್ಟರೂ ತಿಳಿಯದು. ಬರೆಯನ್ನಂತೂ ಹಾಕಿಸಲೇಬಾರದು. ಬೆನ್ನೆಲುಬಿನ ಸ್ಥಿತಿ ತಿಳಿಯದೆ ಒದೆಸಿಕೊಳ್ಳುವುದೂ ತುಳಿಸಿಕೊಳ್ಳುವುದೂ ಅಪಾಯಕ್ಕೆ ಆಹ್ವಾನವಿತ್ತಂತೆ.

ನೋವಿನ ಮಾತ್ರೆಗಳು ಕೆಲದಿನಗಳ ಊರುಗೋಲು ಮಾತ್ರ. ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಗಳಿಗೂ ಕೇಡು. ನರದ ನೋವಿಗೆಂದು ಬರೆದುಕೊಡುವ ಪ್ರೆಗ್ಯಾಬಲಿನ್ ಎಂಬ ಔಷಧವು ಈ ವ್ಯಾಧಿಯಲ್ಲಿ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ನೀಡಲಿಲ್ಲವೆಂದು 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪರೀಕ್ಷೆಯೊಂದು ತೋರಿಸಿತು. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವರಿಗೆ ತಾತ್ಕಾಲಿಕ ಉಪಶಮನ ನೀಡುವುದು.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಅತಿಭಯವೂ ಬೇಡ, ಅವಸರವೂ ಬೇಡ. ಆರರಿಂದ ಹನ್ನೆರಡು ವಾರಗಳಿಂದ ತೀವ್ರವಾಗಿ ನರಳುತ್ತಿದ್ದ 283 ಮಂದಿಯ ಮೇಲೆ ಹಾಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗನೆ ಶಸ್ತ್ರಚಿಕಿತ್ಸೆ ಪಡೆದವರಿಗೆ ನೋವು ಬೇಗನೆ ನಿಂತಿತು. ಕಾದು ನೋಡಿದವರಲ್ಲಿ ಶೇಕಡ 39 ಮಂದಿಗೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಅಗತ್ಯವಾಯಿತು. ಆದರೆ ವರ್ಷದ ಕೊನೆಯಲ್ಲಿ ಎರಡು ಗುಂಪುಗಳಲ್ಲಿಯೂ ಗುಣವಾದವರ ಪ್ರಮಾಣ ಒಂದೇ, ಶೇಕಡ 95. ಸಹಿಸಲಾಗದವರಿಗೆ ಕತ್ತಿಯು ಮಿತ್ರನೇ. ಸಹಿಸಬಲ್ಲವರಿಗೆ ಕಾಲವೂ ವೈದ್ಯನೇ.

ಕಾಯಬಾರದ ಲಕ್ಷಣಗಳು

ಕೆಲವು ಸಂದರ್ಭಗಳಲ್ಲಿ ಮಾತ್ರ ಒಂದು ದಿನವೂ ಕಾಯತಕ್ಕದ್ದಲ್ಲ. ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ ಮೇಲೆ ಹತೋಟಿ ತಪ್ಪುವುದು, ಗುದ ಮತ್ತು ಜನನೇಂದ್ರಿಯಗಳ ಸುತ್ತ ಸ್ಪರ್ಶವೇ ತಿಳಿಯದಿರುವುದು, ಎರಡೂ ಕಾಲುಗಳಿಗೆ ನೋವು ಅಥವಾ ನಿಶ್ಶಕ್ತಿ ಹಬ್ಬುವುದು, ಪಾದವು ಜೋತುಬಿದ್ದು ಎತ್ತಲಾಗದಿರುವುದು: ಇವುಗಳಲ್ಲಿ ಯಾವೊಂದು ಕಂಡರೂ ಹಗಲು ರಾತ್ರಿಯೆನ್ನದೆ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಕೆಲವು ಗಂಟೆಗಳ ವಿಳಂಬದಿಂದ ಜೀವಮಾನವಿಡೀ ಪರಿತಪಿಸಬೇಕಾದೀತು. ಇಂತಹ ಸಂಗತಿಗಳನ್ನು ಹೇಳಿಕೊಳ್ಳಲು ನಾಚಿ ಮುಚ್ಚಿಡುವ ತಾಯಂದಿರು ನಮ್ಮಲ್ಲಿ ಅನೇಕರಿರುವರು. ಮನೆಯವರೇ ಕೇಳಿ ತಿಳಿಯಬೇಕು. ಬೆನ್ನುನೋವಿನ ಜತೆಗೆ ಸಂಜೆಯ ಜ್ವರ, ತೂಕ ಇಳಿಯುವಿಕೆ, ರಾತ್ರಿಯ ಬೆವರು ಇದ್ದರೆ ಬೆನ್ನೆಲುಬಿನ ಕ್ಷಯವನ್ನೂ, ಹಿಂದೆ ಅರ್ಬುದರೋಗವಿದ್ದವರಲ್ಲಿ ಅದರ ಮರುಕಳಿಕೆಯನ್ನೂ ಶಂಕಿಸಿ ಪರೀಕ್ಷಿಸತಕ್ಕದ್ದು.

ಮಾವನವರಿಗೆ ಇವಾವುವೂ ಇರಲಿಲ್ಲ. ಮೊದಲ ದಿನ ಅಂಗಳದ ತುಳಸಿಕಟ್ಟೆಯವರೆಗೆ ನಡೆದರು, ವಾರದಲ್ಲಿ ಕೊಟ್ಟಿಗೆಯವರೆಗೆ, ತಿಂಗಳಲ್ಲಿ ತೋಟದ ಬೇಲಿಯವರೆಗೆ. ನಡುವೆ ಎರಡು ಸಲ ನೋವು ಮರುಕಳಿಸಿ ಧೈರ್ಯ ಕುಂದಿತ್ತು, ಅತ್ತೆ ಬಿಡಲಿಲ್ಲ. ಮೂರನೆಯ ತಿಂಗಳಿನಲ್ಲಿ ಅವರು ಕೆಮ್ಮುವಾಗ ಗೋಡೆ ಹಿಡಿಯುವುದನ್ನು ಮರೆತಿದ್ದರು. ಕಿರುಬೆರಳಿನಲ್ಲಿ ಸ್ವಲ್ಪ ಜೋಮು ಇಂದಿಗೂ ಉಳಿದಿದೆ.

ತೋಟವನ್ನು ಚೇಣಿಗೆ ಕೊಡಲಿಲ್ಲ. ಮರುವರ್ಷದ ಸುಗ್ಗಿಗೆ ನಾನು ಹೋದಾಗ ಅಂಗಳದಲ್ಲಿ ಮೂಟೆಗಳು ಸಾಲಾಗಿದ್ದವು. ಮಾವನವರು ಒಂದು ಮೂಟೆಯ ಬಳಿಗೆ ಬಂದು, ಮೊಣಕಾಲು ಮಡಿಸಿ ಕುಳಿತು, ಬೆನ್ನನ್ನು ನೆಟ್ಟಗಿರಿಸಿ, ಮೂಟೆಯನ್ನು ಎದೆಗೆ ಸೆಳೆದುಕೊಂಡರು. ಒಳಗಿನಿಂದ ಅತ್ತೆ ಕೂಗಿದರು: "ಇನ್ನೊಬ್ಬರು ಬರಲಿ!" ಅವರು ನಗುತ್ತ ಮೂಟೆಯನ್ನು ಅಲ್ಲಿಯೇ ಬಿಟ್ಟು, ನನ್ನನ್ನು ಕರೆದರು.